ಉಪದೇಶ ಮುಗಿದ ಮೇಲೆ

ಬೆಳಗಾವಿಗೆ ಅಂಟಿಕೊಂಡಿದ್ದರೂ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಇತ್ತ ದಂಡಿನ ಬೆಳಗಾವಿಯಲ್ಲಿ ಆಂಗ್ಲರ ಅಧಿಕಾರ. ಅತ್ತ ಮಗ್ಗದ ಶಹಾಪುರದಲ್ಲಿ ಪಟವರ್ಧನರ ಅಧಿಕಾರ. ಒಂದೇ ಊರೆನ್ನುವಷ್ಟು ಸಮೀಪವಿದ್ದರೂ ದೊರೆಗಳು ಇಬ್ಬರು. ನೂಲಿನ ವ್ಯಾಪಾರಿಗಾಗಲಿ, ಧರ್ಮಬೋಧಕನಿಗಾಗಲಿ ಈ ಗಡಿ ದೊಡ್ಡದೆನಿಸಿರಲಾರದು.

1820ರಲ್ಲಿ ಲಂಡನ್ ಮಿಶನರಿ ಸಂಘದ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ತಮ್ಮ ಕಾರ್ಯವನ್ನು ಆರಂಭಿಸಿದರು. ಅವರ ತರುವಾಯ ಬಂದ ಬೆನನ್ ಹಾಗೂ ಸ್ಮಿತ್ ಇವರ ಹೆಸರುಗಳು ಊರಿನ ಒಂದು ಹಳೆಯ ಶಾಲೆಯಲ್ಲಿ ಇಂದಿಗೂ ಜೊತೆಯಾಗಿ ಉಳಿದಿವೆ. 1904ರಲ್ಲಿ ಇಲ್ಲಿಯ ಕಾರ್ಯವು ಮೆಥಡಿಸ್ಟರ ಕೈಗೆ ಹೋಯಿತು. ಇದೆಲ್ಲ ಇತಿಹಾಸದ ಮಾತು. ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಸಂಗತಿ ಬೇರೆಯೇ ಉಂಟು. ಆ ಕಾಲದ ಮಿಶನರಿಗಳು ಎರಡು ಬಗೆಯ ಸ್ಥಳಗಳಲ್ಲಿ ಮಾತನಾಡುತ್ತಿದ್ದರು: ಒಂದು ದೇವಾಲಯದ ಪೀಠ, ಇನ್ನೊಂದು ಪೇಟೆಯ ಬೀದಿ. ಪೀಠದಿಂದ ಹೊರಟ ಮಾತಿಗೆ ಎದುರುಮಾತಿಲ್ಲ; ಅದು ಪ್ರಾರ್ಥನೆಯಲ್ಲಿ ಮುಗಿಯುತ್ತದೆ. ಬೀದಿಯ ಮಾತಿಗೆ ಅಂಥ ರಕ್ಷಣೆಯಿಲ್ಲ. ಸಂತೆಗೆ ಬಂದವನೊಬ್ಬನು ಗಂಟನ್ನು ಕೆಳಗಿಟ್ಟು, “ಅದು ಹೇಗೆ ಸ್ವಾಮಿ?” ಎಂದು ಕೇಳಿದರೆ ಉತ್ತರ ಕೊಡದೆ ಗತ್ಯಂತರವಿಲ್ಲ.

ಬೀದಿಯ ಈ ಪ್ರಶ್ನೆಯನ್ನು ಧರ್ಮಸಂಸ್ಥೆಯೊಂದು ತಾನಾಗಿಯೇ ಒಳಗೆ ಕರೆದು, ಕುರ್ಚಿ ಹಾಕಿ ಕೂರಿಸಬಲ್ಲುದೆ? ಅದೂ ವರ್ಷಕ್ಕೊಮ್ಮೆ ಹಬ್ಬದ ದಿನವಲ್ಲ, ವಾರವಾರವೂ?

ಅಮೇರಿಕೆಯ ಬಾಸ್ಟನ್ ನಗರದಲ್ಲಿ ಇಂಥದೊಂದು ಪ್ರಯೋಗ ನಡೆಯಿತು. ಡೇನಿಯಲ್ ಶಾರ್ಪ್ ಫೋರ್ಡ್ ಎಂಬ ಪತ್ರಿಕಾ ಪ್ರಕಾಶಕರು 1899ರಲ್ಲಿ ತೀರಿಕೊಂಡಾಗ ಅಲ್ಲಿಯ ಬ್ಯಾಪ್ಟಿಸ್ಟ್ ಕ್ರೈಸ್ತರ ಕೂಟಕ್ಕೆ ದೊಡ್ಡ ದತ್ತಿಯನ್ನು ಬಿಟ್ಟುಹೋದರು. ದುಡಿಯುವ ಜನರಿಗೆ ಅದರಿಂದ ಹಿತವಾಗಬೇಕೆಂಬುದು ಅವರ ಆಶಯ. ಅದರಿಂದ ಎದ್ದ ಸಭಾಗೃಹದಲ್ಲಿ 1908ರಿಂದ ಜಾರ್ಜ್ ಕೋಲ್ಮನ್ ಎಂಬವರು ಭಾನುವಾರದ ಸಂಜೆಗಳಲ್ಲಿ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸತೊಡಗಿದರು. ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ನಡೆಯುತ್ತಿದ್ದ ಸಭೆಗಳು ಅವರಿಗೆ ಮೇಲ್ಪಂಕ್ತಿಯಾಗಿದ್ದವು. ಪ್ರವೇಶಕ್ಕೆ ಹಣವಿಲ್ಲ, ಮತದ ಕಟ್ಟಿಲ್ಲ. ಯಹೂದಿಗಳು, ಕ್ಯಾಥೊಲಿಕರು, ಪ್ರಾಟೆಸ್ಟಂಟರು, ದೇವರನ್ನೇ ಒಪ್ಪದ ಸಮಾಜವಾದಿಗಳು ಒಂದೇ ಸಾಲಿನಲ್ಲಿ ಕುಳಿತರು. ಉಪನ್ಯಾಸ ಮುಗಿದೊಡನೆ ಜನ ಏಳುತ್ತಿರಲಿಲ್ಲ, ಏಕೆಂದರೆ ಪ್ರಶ್ನೆಗಳ ಸಮಯ ಆಗ ಆರಂಭವಾಗುತ್ತಿತ್ತು. ಬಹುಮಂದಿ ಬರುತ್ತಿದ್ದುದೇ ಅದಕ್ಕಾಗಿ ಎಂದರೂ ತಪ್ಪಾಗದು.

ಹೀಗೆ ಬಾಗಿಲು ತೆರೆದವರಿಗೆ ನೆಮ್ಮದಿಯೇನೂ ದೊರೆಯುವುದಿಲ್ಲ. ಕ್ರಮೇಣ ಈ ವೇದಿಕೆಯು ತನ್ನನ್ನು ಹೆತ್ತ ಧಾರ್ಮಿಕ ಕೂಟದಿಂದ ಬೇರ್ಪಟ್ಟು ಸ್ವತಂತ್ರವಾಯಿತು. 1929ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಸಂತಾನ ನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಬಾಸ್ಟನ್ನಿನಲ್ಲಿ ಮಾತನಾಡಕೂಡದೆಂದು ನಗರದ ಅಧಿಕಾರಿಗಳು ತಡೆದಿದ್ದರು. ಫೋರ್ಡ್ ಹಾಲಿನ ವೇದಿಕೆಗೆ ಆಕೆ ಬಂದರು, ಆದರೆ ಬಾಯಿಗೆ ಪಟ್ಟಿ ಅಂಟಿಸಿಕೊಂಡು ಬಂದರು! ಆಕೆಯ ಭಾಷಣವನ್ನು ಹಾರ್ವರ್ಡಿನ ಇತಿಹಾಸ ಪ್ರಾಧ್ಯಾಪಕರಾದ ಆರ್ಥರ್ ಶ್ಲೆಸಿಂಜರ್ ಓದಿದರು. ಆಡಗೊಡದ ಮಾತು ಹೀಗೆ ಇಮ್ಮಡಿಯಾಗಿ ಕೇಳಿಸಿತು. ಬಾಸ್ಟನ್ನಿನಲ್ಲಿ ಬಾಯಿ ಕಟ್ಟಿಸಿಕೊಂಡ ಇದೇ ವಿಷಯದ ಬಗ್ಗೆ ಮರುವರ್ಷ, ಅಂದರೆ 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರಕಾರವೇ ಚಿಕಿತ್ಸಾಲಯಗಳನ್ನು ತೆರೆಯಿತೆಂಬುದನ್ನು ಓದುಗರು ಮರೆಯಬಾರದು.

ಕನ್ನಡ ನಾಡಿಗೆ ಈ ಪದ್ಧತಿ ಹೊರಗಿನಿಂದ ಬರಬೇಕೆಂದೇನೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರ ಅನುಭವಗೋಷ್ಠಿಯ ನೆನಪು ಇಲ್ಲಿ ಮನೆಮನೆಯಲ್ಲಿ ಉಂಟು. ಆ ನೆನಪನ್ನು ವಾರದ ಕೆಲಸವಾಗಿ ಮಾಡಿದವರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. 1974ರಲ್ಲಿ ಪೀಠವನ್ನೇರಿದ ಅವರು ಸೋಮವಾರದ ಶಿವಾನುಭವವನ್ನು ಹಟದಿಂದ ನಡೆಸಿದರು. ಸಭೆಗಳ ಸಂಖ್ಯೆ ಎರಡು ಸಾವಿರವನ್ನು ದಾಟಿತು. ಒಂದು ವಾರ ಮಳೆ, ಒಂದು ವಾರ ಮದುವೆ, ಮತ್ತೊಂದು ವಾರ ಚುನಾವಣೆ; ಇವುಗಳ ನಡುವೆ ಸೋಮವಾರವನ್ನು ಸೋಮವಾರವಾಗಿಯೇ ಉಳಿಸಿಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಯಾವುದಾದರೂ ಸಂಘದ ಕಾರ್ಯದರ್ಶಿಯಾಗಿದ್ದವರು ಬಲ್ಲರು. ಪುಸ್ತಕ ಪ್ರಕಟಣೆಗೂ ಕನ್ನಡಕ್ಕೂ ಶ್ರಮಿಸಿದ ಆ ಸ್ವಾಮಿಗಳಿಗೆ 2001ರಲ್ಲಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ದೊರೆಯಿತು. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಪೀಠಕ್ಕೆ ಬಂದವರು ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಸಿದ್ಧರಾಮ ಸ್ವಾಮಿಗಳು. ಹೀಗೆ ಗದಗಿನ ಸೋಮವಾರಕ್ಕೆ ಬೆಳಗಾವಿಯ ನಂಟೂ ಕೂಡಿಕೊಂಡಿತು.

ಆದರೂ ನಮ್ಮ ಉಪನ್ಯಾಸಮಾಲೆಗಳ ಬಗೆಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ಮಠದಲ್ಲಿರಲಿ, ಚರ್ಚಿನಲ್ಲಿರಲಿ, ವಾಚನಾಲಯದ ಮಹಡಿಯಲ್ಲಿರಲಿ, ಸ್ವಾಗತಕ್ಕೆ ಕಾಲು ಗಂಟೆ, ಅತಿಥಿಗಳ ಪರಿಚಯಕ್ಕೆ ಕಾಲು ಗಂಟೆ, ಹಾರತುರಾಯಿಗೆ ಇನ್ನಷ್ಟು ಸಲ್ಲುತ್ತದೆ. ಪ್ರಶ್ನೆಯ ಹೊತ್ತಿಗೆ ಗಡಿಯಾರವನ್ನು ನೋಡುವವರು ಕೇಳುಗರಲ್ಲ, ವ್ಯವಸ್ಥಾಪಕರು! ವಂದನಾರ್ಪಣೆಯ ಸರದಿಯವರು ಆಗಲೇ ಧ್ವನಿವರ್ಧಕದ ಬಳಿ ನಿಂತಿರುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬ ಗೃಹಿಣಿಯ ಮನಸ್ಸಿನಲ್ಲಿ ಸಂದೇಹವೊಂದು ಮೂಡಿದ್ದರೆ ಅದು ಸಭೆಯಲ್ಲಿ ಹುಟ್ಟಿ ದಾರಿಯಲ್ಲೇ ಅಳಿಯುತ್ತದೆ. ಅವಕಾಶ ಸಿಕ್ಕಾಗಲೂ ಎದ್ದು ನಿಲ್ಲುವ ಮಹನೀಯರಲ್ಲಿ ಕೆಲವರು ಪ್ರಶ್ನೆ ಕೇಳುವುದಿಲ್ಲ, ಎರಡನೆಯ ಉಪನ್ಯಾಸವನ್ನೇ ಆರಂಭಿಸುತ್ತಾರೆ. ಅಂಥವರನ್ನು ನೋಯಿಸದೆ ಕೂರಿಸುವ ಅಧ್ಯಕ್ಷರು ದೊರೆಯುವುದು, ಒಳ್ಳೆಯ ಉಪನ್ಯಾಸಕರು ದೊರೆಯುವುದಕ್ಕಿಂತ ದುರ್ಲಭ.

ಶಹಾಪುರದ ಯಾವುದಾದರೂ ದೇವಾಲಯವೋ ಚರ್ಚೋ ಮಠವೋ ವಾರಕ್ಕೊಂದು ಸಂಜೆಯನ್ನು ಇದಕ್ಕಾಗಿ ತೆಗೆದಿಟ್ಟರೆ ಮೊದಲ ತೊಡಕು ಭಾಷೆಯದು. ವಕ್ತಾರರು ಕನ್ನಡದಲ್ಲಿ ನುಡಿದರೆ ಮರಾಠಿಯವರು ಬಾರರು. ಮರಾಠಿಯಲ್ಲಿ ನುಡಿದರೆ ಕನ್ನಡದವರು ಮುನಿದಾರು. ಗಡಿನಾಡಿನ ಈ ಮುನಿಸಿಗೆ ಬಹಳ ವಯಸ್ಸಾಗಿದೆ. ಆದರೆ ಇದೇ ಓಣಿಗಳಲ್ಲಿ ಮನೆಯೊಳಗೆ ಒಂದು ನುಡಿ, ಅಂಗಡಿಯ ಕಟ್ಟೆಯಲ್ಲಿ ಇನ್ನೊಂದು ನುಡಿ ಆಡುತ್ತ, ಸೀರೆಯ ಬೆಲೆಯನ್ನು ಎರಡರಲ್ಲಿಯೂ ಚೌಕಾಶಿ ಮಾಡುವ ಜನರಿಗೆ ಬರಗಾಲವಿಲ್ಲ. ಅಂಥ ಒಬ್ಬರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಬೇಕು. ಯಾವ ನುಡಿಯಲ್ಲಿ ಕೇಳಿದರೂ ಅವರು ಆ ಪ್ರಶ್ನೆಯನ್ನು ಮತ್ತೊಂದರಲ್ಲಿ ಗಟ್ಟಿಯಾಗಿ ಹೇಳಲಿ. ಉತ್ತರಕ್ಕೂ ಅದೇ ನಿಯಮವಿರಲಿ. ಹಾರತುರಾಯಿಗಳನ್ನು ಬಿಟ್ಟರೆ ಇದಕ್ಕೆ ಬೇಕಾಗುವ ಸಮಯ ತಾನಾಗಿ ಸಿಗುತ್ತದೆ.