ಸೊಲ್ಲಾಪುರದ ವರ್ಷದ ಲೆಕ್ಕ: ನೀರು, ತೆರಿಗೆ ಮತ್ತು ಮನೆ ತಲುಪದ ವರದಿ

ಸೊಲ್ಲಾಪುರದ ನಮ್ಮ ಅನೇಕ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿಗೆ ಹಬ್ಬ ಹುಣ್ಣಿಮೆಗಳನ್ನು ತಿಳಿಸುವುದರ ಜೊತೆಗೆ ಇನ್ನೊಂದು ಕೆಲಸವಿದೆ: ನಲ್ಲಿಗೆ ನೀರು ಬರುವ ದಿನದ ಗುರುತು ಹೊರುವುದು. ನಾಲ್ಕೈದು ದಿನಕ್ಕೊಮ್ಮೆ ನೀರು ಎಂಬುದು ವರ್ಷಗಳಿಂದ ಈ ನಗರಕ್ಕೆ ರೂಢಿಯಾಗಿಬಿಟ್ಟಿದೆ. ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲೇ ಕೆರೆ ಕಟ್ಟಿಸಿದ ಊರಿನ ಸ್ಥಿತಿ ಇದು!

ಆ ಗುರುತುಗಳ ಹಿಂದಿನ ಕಾರಣವನ್ನು ಹೇಳಬೇಕಾದ ಕಾಗದಗಳು ಮಹಾನಗರಪಾಲಿಕೆಯಲ್ಲಿ ವರ್ಷಕ್ಕೆ ಎರಡು ಸಿದ್ಧವಾಗುತ್ತವೆ. ಒಂದು ಮುಂಗಡಪತ್ರ. ಇನ್ನೊಂದು ಹಿಂದಿನ ವರ್ಷದ ಪರಿಸರ ಸ್ಥಿತಿ ವರದಿ. ಮಹಾರಾಷ್ಟ್ರ ಮಹಾನಗರಪಾಲಿಕೆ ಅಧಿನಿಯಮದಂತೆ ಆಯುಕ್ತರು ಅದನ್ನು ಪ್ರತಿವರ್ಷ ಜುಲೈ 31ರೊಳಗೆ ಪಾಲಿಕೆಯ ಮುಂದಿಡಬೇಕು. ಇವೆರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ನಗರದ ನಿಜವಾದ ಲೆಕ್ಕ ತಿಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನೀರನ್ನೇ ನೋಡೋಣ. ಸುಮಾರು ನೂರು ಕಿಲೋಮೀಟರ್ ದೂರದ ಉಜನಿ ಜಲಾಶಯದಿಂದ ನಗರಕ್ಕೆ ನೀರು ಬರುವ ದಾರಿ ಎರಡು. ಒಂದು ಕೊಳವೆಮಾರ್ಗ, ಇನ್ನೊಂದು ಸ್ವತಃ ಭೀಮಾ ನದಿ. ನದಿಗೆ ಬಿಟ್ಟ ನೀರು ಔಜ್ ಮತ್ತು ಚಿಂಚಪುರದ ಬಾಂದಾರಗಳಲ್ಲಿ ನಿಲ್ಲಬೇಕು. ಅದನ್ನು ಟಾಕಳಿಯಲ್ಲಿ ಮೇಲೆತ್ತಬೇಕು. ಇಲ್ಲಿ ಭೀಮೆಯೇ ಎರಡು ರಾಜ್ಯಗಳ ಗಡಿ. ಆಚೆ ದಡ ವಿಜಯಪುರ ಜಿಲ್ಲೆಯದು. ದಾರಿಯಲ್ಲಿ ಬಿಸಿಲು ಹೀರುವುದು, ಮರಳು ಕುಡಿಯುವುದು, ದಡದ ಪಂಪುಗಳು ಎತ್ತುವುದು ಕಳೆದು ಉಳಿದದ್ದು ಊರಿಗೆ. ಹೀಗಾಗಿ ನಗರಕ್ಕೆ ಬೇಕಾದುದರ ಎಷ್ಟೋ ಪಟ್ಟು ನೀರನ್ನು ಅಣೆಕಟ್ಟಿನಿಂದ ಬಿಡಬೇಕಾಗುತ್ತಿತ್ತು. ದಿನಕ್ಕೆ 170 ದಶಲಕ್ಷ ಲೀಟರ್ ಸಾಮರ್ಥ್ಯದ ಸಮಾನಾಂತರ ಕೊಳವೆಮಾರ್ಗವನ್ನು ಕೈಗೊಂಡದ್ದು ಈ ಕಾರಣಕ್ಕೆ. ಆದರೆ ದೊಡ್ಡ ಕೊಳವೆ ನೀರನ್ನು ಊರಿನ ಬಾಗಿಲಿಗೆ ತರಬಲ್ಲುದೇ ಹೊರತು ಓಣಿಗೆ ಹಂಚಲಾರದು. ಅದಕ್ಕೆ ಮೇಲ್ಮಟ್ಟದ ಟ್ಯಾಂಕು, ಒಳಗಿನ ಪೈಪು, ಪಂಪಿನ ವಿದ್ಯುತ್ ಬಿಲ್ಲು ಎಲ್ಲಕ್ಕೂ ಹಣ ಬೇಕು. ಉದ್ಘಾಟನೆಯ ಫಲಕದಲ್ಲಿ ಕಾಣದ ಈ ಸಾಲುಗಳನ್ನು ಮುಂಗಡಪತ್ರದಲ್ಲಿ ಹುಡುಕಬೇಕು.

ಹಣದ ಕಥೆ ಇನ್ನೂ ಬಿಗಿಯಾದುದು. ಒಂದು ಕಾಲಕ್ಕೆ ಜಕಾತಿ ಪಾಲಿಕೆಯ ಸ್ವಂತ ಆದಾಯವಾಗಿತ್ತು. ಅದರ ಜಾಗಕ್ಕೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು; 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದೂ ಹೋಯಿತು. ಈಗ ರಾಜ್ಯ ಸರ್ಕಾರ ಕೊಡುವ ಪರಿಹಾರ ಅನುದಾನವೇ ಊರುಗೋಲು. ಕಾಯಿದೆಯಂತೆ ಅದು ವರ್ಷಕ್ಕೆ ಶೇ. 8ರಷ್ಟು ಏರುತ್ತದೆ. ಸ್ವಂತದ್ದೆಂದು ಉಳಿದ ಮುಖ್ಯ ಮೂಲ ಆಸ್ತಿ ತೆರಿಗೆ. ಆ ಬಿಲ್ಲಿನಲ್ಲಿ ‘ರಾಜ್ಯ ಶಿಕ್ಷಣ ಕರ’ ಎಂಬ ಸಾಲನ್ನು ನೋಡಿ, ತಮ್ಮ ದುಡ್ಡು ಓಣಿಯ ಕನ್ನಡ ಶಾಲೆಗೆ ಸೇರುತ್ತದೆಂದು ನಂಬುವ ಪಾಲಕರಿದ್ದಾರೆ. ಪಾಲಿಕೆ ಅದನ್ನು ವಸೂಲು ಮಾಡುತ್ತದೆ ಅಷ್ಟೇ, ಹಣ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಪಾಲಿಕೆ ಶಾಲೆಯ ಮಾಡು, ಶೌಚಾಲಯಗಳ ಖರ್ಚಿಗೆ ಬೇರೆ ಪುಟ ತೆರೆಯಬೇಕು.

ಪರಿಸರದ ಕಡೆ, 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಲ್ಲಾಪುರವಿದೆ. ಧೂಳು ತಗ್ಗಿಸಲು ಹಣ ಬರುತ್ತದೆ, ಲೆಕ್ಕವನ್ನೂ ಕೊಡಬೇಕಾಗುತ್ತದೆ. ನಮಗೆ ಅದಕ್ಕಿಂತ ಹತ್ತಿರದ ಚಿಂತೆ ಕೊಳೆನೀರಿನದು. ಶುದ್ಧವಾಗದೆ ನಾಲೆಗಿಳಿದದ್ದು ಸೀನಾ ನದಿಯನ್ನು ಕಾಣುತ್ತದೆ, ಸೀನಾ ಹತ್ತರಸಂಗ–ಕೂಡಲದಲ್ಲಿ ಭೀಮೆಯನ್ನು ಸೇರುತ್ತದೆ. ಕೆಳಗಿನ ಹಳ್ಳಿಗಳಲ್ಲಿ ನಮ್ಮ ಬಂಧುಗಳೇ ಇದ್ದಾರೆ.

ಚುನಾಯಿತ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆ ನಡೆಯಿತು. ಮುಂಗಡಪತ್ರವನ್ನು ಸಿದ್ಧಪಡಿಸುವ ಕಚೇರಿಯೇ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಅಂಥ ಕಾಲದಲ್ಲಿ ಪ್ರಶ್ನೆ ಕೇಳಬೇಕಾದವರು ಮನೆಯವರೇ. ಆದರೆ ಕನ್ನಡವನ್ನಷ್ಟೇ ಸರಾಗವಾಗಿ ಓದುವ ತಾಯಿ ಮರಾಠಿಯ ಲೆಕ್ಕಪತ್ರವನ್ನು ಹೇಗೆ ಪ್ರಶ್ನಿಸಿಯಾಳು? ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರುವುದು ಒಳಿತೆಂದು ಕೇಂದ್ರದ 1956ರ ರಕ್ಷಣೋಪಾಯ ಪತ್ರವೇ ಹೇಳಿದೆ. ಯಾವ ವಾರ್ಡು ಈ ಅಳತೆಗೆ ನಿಲ್ಲುತ್ತದೆಂಬ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ನಾವು ಕೇಳುವುದು ಮೂರೇ ಪುಟ: ವಾರ್ಡುವಾರು ನೀರಿನ ದಿನಗಳು, ಶುದ್ಧೀಕರಿಸಿದ ಕೊಳೆನೀರಿನ ಪ್ರಮಾಣ, ಪಾಲಿಕೆ ಶಾಲೆಗಳಿಗೆ ಆದ ಖರ್ಚು. ಜುಲೈ ಕೊನೆಯ ವರದಿಯ ಜೊತೆಗೆ ಅವು ಕನ್ನಡದಲ್ಲಿ ನಮ್ಮ ಶಾಲೆಗಳ ಫಲಕದ ಮೇಲೆ ಅಂಟಿರಲಿ.