ಸಂಕಲನದ ಮೊದಲ ಪಾಠ

ಚಲಿಸುವ ಚಿತ್ರವನ್ನು ತೆಗೆಯುವ ಸಾಧನವು ಇಂದು ಮನೆಮನೆಗೂ ಬಂದಿದೆ. ತೆಗೆದ ಚಿತ್ರವನ್ನು ಕತ್ತರಿಸಿ ಜೋಡಿಸುವ ಸಂಕಲನವಿದ್ಯೆಯನ್ನು ಶಾಲೆಗಳಲ್ಲಿಯೂ ಕಲಿಸಬೇಕೆಂಬವರ ಪಕ್ಷವೇ ನಮ್ಮದು. ಆದರೆ ಕಲಿಸುವ ಕ್ರಮದ ವಿಷಯವಾಗಿ ಎರಡು ನಿಷ್ಠುರದ ಮಾತನ್ನು ಆಡುವುದು ಅವಶ್ಯವಾಗಿದೆ. ಈ ಗುಂಡಿ ಇದಕ್ಕೆ, ಆ ಗುಂಡಿ ಅದಕ್ಕೆ, ಒಂದು ದೃಶ್ಯವು ಇನ್ನೊಂದರಲ್ಲಿ ಕರಗುವ ಚಮತ್ಕಾರ ಹೀಗೆ ಎಂದು ಪಾಠವನ್ನು ಆರಂಭಿಸುವುದು, ಅಡಿಗೆ ಕಲಿಯಬಂದವನಿಗೆ ಪಾತ್ರೆಗಳ ಹೆಸರನ್ನು ಬಾಯಿಪಾಠ ಮಾಡಿಸಿದಂತೆಯೇ ಸರಿ. ಸಾಫ್ಟ್‌ವೇರು ನಾಳೆ ಬೇರೆ ರೂಪ ತಾಳಿದರೆ ವಿದ್ಯಾರ್ಥಿಯಲ್ಲಿ ಉಳಿಯುವುದೇನು?

ಮಾಸ್ಕೋ ನಗರದಲ್ಲಿ 1919ರಲ್ಲಿ ಚಲಚ್ಚಿತ್ರಶಾಲೆಯು ಸ್ಥಾಪಿತವಾದಾಗ ರಷ್ಯದಲ್ಲಿ ಕಚ್ಚಾ ಫಿಲ್ಮು ದುರ್ಲಭವಾಗಿತ್ತು. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವರು ಅದಕ್ಕೆ ಎದೆಗುಂದದೆ, ಶಿಷ್ಯರಿಂದ ‘ಫಿಲ್ಮಿಲ್ಲದ ಫಿಲ್ಮು’ಗಳನ್ನು ರಂಗದ ಮೇಲೆ ಆಡಿಸಿದರು. ಮೊಜೂಖಿನ್ ಎಂಬ ನಟನ ನಿರ್ವಿಕಾರ ಮುಖದ ಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನೊಡನೆಯೂ ಒಮ್ಮೆ ಶವಪೆಟ್ಟಿಗೆಯೊಡನೆಯೂ ಜೋಡಿಸಿ ತೋರಿಸಲು, ಪ್ರೇಕ್ಷಕರು ಒಂದೆಡೆ ಚಿಂತೆಯನ್ನೂ ಇನ್ನೊಂದೆಡೆ ಶೋಕವನ್ನೂ ಕಂಡು ನಟನನ್ನು ಕೊಂಡಾಡಿದರೆಂದು ಶಿಷ್ಯರಾದ ಪುದೋವ್ಕಿನ್ನರು ಬರೆದಿದ್ದಾರೆ. ಅರ್ಥವು ತುಣುಕಿನಲ್ಲಿರದೆ ಜೋಡಣೆಯಲ್ಲಿ ಹುಟ್ಟುವುದೆಂಬ ಈ ತಿಳಿವಳಿಕೆಯೇ ಮೊದಲ ಪಾಠವಾಗತಕ್ಕದ್ದು. ಇದಕ್ಕೆ ಮಾಸ್ಕೋ ಬೇಕಿಲ್ಲ. ಒಂದು ಮೊಬೈಲು ಸಾಕು.

ಉಪಾಧ್ಯಾಯರು ಜೋಳದ ರೊಟ್ಟಿ ತಟ್ಟುವುದನ್ನು ಹತ್ತು ನಿಮಿಷ ಚಿತ್ರಿಸಿ ತರಲಿ. ಎಲ್ಲ ತಂಡಗಳಿಗೂ ಅದೇ ಸಾಮಗ್ರಿ, ಒಂದೇ ನಿಮಿಷದ ಮಿತಿ, ಸಂಗೀತವಿಲ್ಲ, ಚಮತ್ಕಾರವಿಲ್ಲ. ಮೊದಲು ಒಂದೊಂದು ದೃಶ್ಯವನ್ನೂ ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ ಕ್ರಮ ಹಚ್ಚಲಿ. ನಲವತ್ತು ಮಕ್ಕಳಿಗೆ ನಾಲ್ಕು ಕಂಪ್ಯೂಟರುಗಳಿರುವಲ್ಲಿಯೂ ಇದು ಸಾಧ್ಯ. ಒಂದು ತಂಡಕ್ಕೆ ಕೈಯ ಲಯ ಮುಖ್ಯವೆನಿಸುವುದು, ಇನ್ನೊಂದಕ್ಕೆ ಬೆವರಿದ ಮುಖ. ಮತ್ತೊಂದು ತಂಡವು ಹಂಚು ಕಾಣುವ ಮೊದಲೇ ತಟ್ಟುವ ಸಪ್ಪಳವನ್ನು ಕೇಳಿಸೀತು. ಬಿಟ್ಟದ್ದೇಕೆಂಬ ವಾದ ಆಮೇಲೆ ತಾನಾಗಿಯೇ ಏಳುತ್ತದೆ. ‘ಅಪಾಕಲಿಪ್ಸ್ ನೌ’ (1979) ಚಿತ್ರಕ್ಕೆ ತೆಗೆದ ಫಿಲ್ಮು ಸುಮಾರು 230 ಗಂಟೆಗಳಷ್ಟಿದ್ದಿತು. ಬಿಡುಗಡೆಯಾದ ಚಿತ್ರ ಎರಡೂವರೆ ಗಂಟೆಗೂ ಕಡಮೆ. ಒಂಬತ್ತು ನಿಮಿಷವನ್ನು ಬಿಡಲು ಅಳುವ ಬಾಲಕನಿಗೆ ಇದನ್ನು ಹೇಳಿ ಸಮಾಧಾನಪಡಿಸಬಹುದು!

ತಂತ್ರಾಂಶಕ್ಕೆ ಹಣವೂ ಬೇಡ; ಕೆಡೆನ್‌ಲೈವ್, ಶಾಟ್‌ಕಟ್ ಉಚಿತವಾಗಿ ದೊರೆಯುತ್ತವೆ. ಆದರೆ ಒಂದು ಎಚ್ಚರ. ಸಂಕಲನದ ಕಡತದಲ್ಲಿ ಚಿತ್ರಗಳಿರುವುದಿಲ್ಲ, ಅವು ಎಲ್ಲಿವೆಯೆಂಬ ವಿಳಾಸ ಮಾತ್ರ ಇರುತ್ತದೆ. ಕಡತವೊಂದನ್ನೇ ಪೆನ್‌ಡ್ರೈವಿನಲ್ಲಿ ಒಯ್ದವನಿಗೆ ಮನೆಯಲ್ಲಿ ಕಾಣುವುದು ಬರಿಯ ಶೂನ್ಯ. ಮೊದಲ ದಿನವೇ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡುವ ಶಿಸ್ತನ್ನು ಕಲಿಸದಿದ್ದರೆ ಅರ್ಧ ತರಗತಿ ಗೋಳಾಟದಲ್ಲಿ ಕಳೆಯುತ್ತದೆ.

ಇನ್ನೊಂದು ಅಭ್ಯಾಸವಿದೆ, ಕೆಲವರು ಹುಬ್ಬು ಗಂಟಿಕ್ಕಿಯಾರು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅವರ ಭಾಷಣವನ್ನು ಚಿತ್ರಿಸಿ, ಮಾತು ತಿರುಗುಮುರುಗಾಗುವಂತೆ ಮಕ್ಕಳೇ ಕತ್ತರಿಸಲಿ. ನಮ್ಮ ನುಡಿಯಲ್ಲಿ ನಿಷೇಧವು ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುವುದರಿಂದ ಕತ್ತರಿಗೆ ಕೆಲಸ ಸುಲಭ. ‘ನಾಳೆ ರಜೆ ಇಲ್ಲ’ ಎಂಬುದರ ಬಾಲ ಕತ್ತರಿಸಿದರೆ ಶಾಲೆಗೆ ರಜೆ ಸಿಕ್ಕಿತು! ಕತ್ತರಿಸಿದ ಕಲೆ ಕಾಣದಂತೆ, ಚಪ್ಪಾಳೆ ತಟ್ಟುವ ಮಕ್ಕಳ ಚಿತ್ರವೊಂದನ್ನು ಮೇಲೆ ಹೊದಿಸಿದರಾಯಿತು. ಇದು ವಂಚನೆಯ ಶಿಕ್ಷಣವೆಂದು ಆಕ್ಷೇಪಿಸುವವರನ್ನು ನಾವು ಕೇಳುವುದಿಷ್ಟೆ: ಚುನಾವಣೆ ಗಲಭೆಗಳ ಕಾಲದಲ್ಲಿ ಇಂತಹ ತುಣುಕುಗಳು ಕೈಯಿಂದ ಕೈಗೆ ಹರಿದಾಡುವಾಗ, ಚಪ್ಪಾಳೆಯ ಚಿತ್ರ ಅಲ್ಲಿಗೇ ಏಕೆ ಬಂತೆಂದು ಶಂಕಿಸುವವನು ಯಾರು? ಕನ್ನ ಎಲ್ಲಿ ಕೊರೆಯುವರೆಂಬುದು ಮನೆಯ ಯಜಮಾನನಿಗೆ ತಿಳಿದಿರಬೇಡವೆ? ಆಟ ಮುಗಿದೊಡನೆ ಎಲ್ಲರೆದುರು ಆ ತುಣುಕನ್ನು ಅಳಿಸಿಹಾಕುವುದು ಉಪಾಧ್ಯಾಯರ ಹೊಣೆ.

ಉಳಿದುದು ಪರೀಕ್ಷೆಯ ಪ್ರಶ್ನೆ. ಥಳಕಿಗೆ ಅಂಕವಿರುವವರೆಗೆ ಮಕ್ಕಳು ಥಳಕನ್ನೇ ಕಲಿಯುವರು. ಆದುದರಿಂದ ಪ್ರತಿಯೊಂದು ಕಡಿತಕ್ಕೂ ಕಾರಣವನ್ನು ಒಂದು ಸಾಲಿನಲ್ಲಿ, ಕನ್ನಡದಲ್ಲಿಯೇ, ಬರೆಯಿಸಿ ಅರ್ಧದಷ್ಟಾದರೂ ಅಂಕವನ್ನು ಅದಕ್ಕೆ ಮೀಸಲಿಡತಕ್ಕದ್ದು. ಪಠ್ಯಕ್ರಮ ರಚಿಸುವವರು ಇದನ್ನು ಪರ್ಯಾಲೋಚಿಸಲಿ.