ಅಂಕಿಗಳಿಗೆ ಬಣ್ಣ ಬಳಿದವರು

1965ರ ಜುಲೈ 15. ಅಮೆರಿಕದ ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳಿಗೆ ಒಂದೇ ಚಿಂತೆ. ಹಿಂದಿನ ಸಂಜೆಯಷ್ಟೇ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಪಕ್ಕದಲ್ಲಿ ಹಾದುಹೋಗಿತ್ತು. ಅದರ ಕ್ಯಾಮೆರಾ ಕಂಡದ್ದು ಟೇಪಿನ ಮೇಲೆ ನಿಜಕ್ಕೂ ದಾಖಲಾಗಿದೆಯೆ? ಇಪ್ಪತ್ತು ಕೋಟಿ ಕಿಲೋಮೀಟರಿಗೂ ಆಚೆ ಇದ್ದ ಟೇಪನ್ನು ಬಿಚ್ಚಿ ನೋಡುವಂತಿರಲಿಲ್ಲ.

ನೌಕೆಯಿಂದ ಬರುತ್ತಿದ್ದುದು ಚಿತ್ರವಲ್ಲ, ಅಂಕಿಗಳ ಸಾಲು. ಒಂದು ಚಿತ್ರಕ್ಕೆ 200 ಸಾಲು, ಸಾಲಿಗೆ 200 ಚುಕ್ಕಿ. ಪ್ರತಿ ಚುಕ್ಕಿಯ ಬೆಳಕಿಗೆ 0ಯಿಂದ 63ರೊಳಗಿನ ಒಂದು ಅಂಕಿ. ಹೀಗೆ ಚಿತ್ರವೊಂದಕ್ಕೆ 2,40,000 ಬಿಟ್‌ಗಳು. ನೌಕೆಯ ರೇಡಿಯೊ ಸೆಕೆಂಡಿಗೆ ಎಂಟು ಬಿಟ್‌ಗಿಂತ ತುಸು ಹೆಚ್ಚು ಕಳಿಸಬಲ್ಲುದಾಗಿತ್ತು. ಎಂದರೆ, ಒಂದೇ ಚಿತ್ರಕ್ಕೆ ಸುಮಾರು 8 ಗಂಟೆ! ಆಮೇಲೆ ಕಂಪ್ಯೂಟರು ಅದನ್ನು ಚಿತ್ರವಾಗಿಸಬೇಕು.

ಟೇಪಿನ ಹೊಣೆ ಹೊತ್ತಿದ್ದ ರಿಚರ್ಡ್ ಗ್ರಮ್ ಮತ್ತು ಸಂಗಡಿಗರಿಗೆ ಅಷ್ಟು ತಾಳ್ಮೆಯೆಲ್ಲಿ? ಅಂಕಿಗಳನ್ನು ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಮುದ್ರಿಸಿ, ಒಂದರ ಪಕ್ಕ ಒಂದನ್ನು ಹಲಗೆಗೆ ಹೊಂದಿಸಿದರು. ಚಿತ್ರಕಲೆಯ ಅಂಗಡಿಯಿಂದ ಬಣ್ಣದ ಬಳಪ ತಂದರು. ಇಷ್ಟರಿಂದ ಇಷ್ಟರವರೆಗಿನ ಅಂಕಿಗೆ ಕಂದು, ಅಷ್ಟರಿಂದ ಅಷ್ಟಕ್ಕೆ ಹಳದಿ ಎಂದು ಗೊತ್ತುಮಾಡಿ, ಮಕ್ಕಳಂತೆ ಬಳಿಯುತ್ತ ಹೋದರು. ಕೊನೆಗೆ ಮೂಡಿದ್ದು ಮಂಗಳನ ಅಂಚು! ಟೇಪು ಕೈಕೊಟ್ಟಿರಲಿಲ್ಲ. ಮುಂದಿನ ಚಿತ್ರಗಳಲ್ಲಿ ಚಂದ್ರನಲ್ಲಿರುವಂಥ ಕುಳಿಗಳೂ ಕಂಡವು. ಬಳಪದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಿರ್ದೇಶಕ ವಿಲಿಯಂ ಪಿಕರಿಂಗ್ ಅವರಿಗೆ ಕೊಡಲಾಯಿತು.

ಆದರೆ ಆ ಕಂದು, ಹಳದಿ ಮಂಗಳನವಲ್ಲ, ಅಂಗಡಿಯವು. ನೌಕೆ ಕಳಿಸಿದ್ದು ಬೆಳಕಿನ ಅಳತೆಯನ್ನು ಮಾತ್ರ.

ಇಂದಿನ ಡಿಜಿಟಲ್ ಕ್ಯಾಮೆರಾದ ಒಳಗೂ ನಡೆಯುವುದು ಇದೇ. ಅದರ ಸಂವೇದಕದ ಚುಕ್ಕಿಗಳಿಗೆ ಬಣ್ಣ ತಿಳಿಯದು. ಅವುಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಕೂರಿಸಿರುತ್ತಾರೆ. ಅರ್ಧದಷ್ಟು ಹಸಿರು, ಉಳಿದವೆರಡು ಕಾಲುಭಾಗ. ಈ ಜೋಡಣೆಗೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಹೀಗಾಗಿ ಒಂದು ಚುಕ್ಕಿ ಅಳೆಯುವುದು ಒಂದೇ ಬಣ್ಣವನ್ನು. ಮಿಕ್ಕೆರಡನ್ನು ನೆರೆಯ ಚುಕ್ಕಿಗಳಿಂದ ಲೆಕ್ಕಹಾಕಿ ತುಂಬಬೇಕು. ಈ ಲೆಕ್ಕಕ್ಕೆ ಮುಂಚಿನ ಹಸಿ ಅಂಕಿಗಳ ಕಡತವೇ 'ರಾ' ಫೈಲ್. ಇದ್ದಂತೆಯೇ ತೆರೆಯಲ್ಲಿ ತೋರಿಸಿದರೆ ಮಂಕಾಗಿ, ಹಸಿರುಹಸಿರಾಗಿ ಕಾಣುತ್ತದೆ.

ಹಾಗಾದರೆ ಅದನ್ನೇಕೆ ಉಳಿಸಬೇಕು? ಮದುವೆಯ ಫೋಟೊದಲ್ಲಿ ಅಜ್ಜಿಯ ಮುಖ ನೆರಳಿಗೆ ಸಿಕ್ಕಿದೆಯೆನ್ನಿ. 14 ಬಿಟ್‌ನ ರಾ ಕಡತದಲ್ಲಿ ಬೆಳಕಿಗೆ 16,384 ಮೆಟ್ಟಿಲುಗಳಿರುತ್ತವೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಬಣ್ಣಕ್ಕೆ 256 ಮಾತ್ರ. ಕ್ಯಾಮೆರಾ ತಾನೇ ಬಣ್ಣ ಬಳಿದು ಜೆಪೆಗ್ ಮಾಡಿ ಮೂಲ ಅಂಕಿಗಳನ್ನು ಎಸೆದಿದ್ದರೆ, ನೆರಳಿನೊಳಗಿನ ಮುಖದ ವಿವರ ಬಹುಪಾಲು ಹೋದಂತೆಯೇ. ರಾ ಕಡತವಿದ್ದರೆ ಅದನ್ನು ಮತ್ತೆ ಎತ್ತಿ ತೋರಿಸಬಹುದು.

ಕಡತ ದೊಡ್ಡದು, ಜಾಗ ಹೆಚ್ಚು ಬೇಕು, ನಿಜ. ಆದರೂ ಮತ್ತೊಮ್ಮೆ ತೆಗೆಯಲಾಗದ ಚಿತ್ರವಾದರೆ ಕ್ಯಾಮೆರಾದಲ್ಲಿ ರಾ, ಜೆಪೆಗ್ ಎರಡನ್ನೂ ಉಳಿಸುವ ಆಯ್ಕೆ ಇದ್ದಲ್ಲಿ ಅದನ್ನು ಬಳಸುವುದು ಒಳ್ಳೆಯದು. ಬಣ್ಣವನ್ನು ನಾಳೆಯೂ ಬಳಿಯಬಹುದು.